ಮೂರು ತಿಂಗಳ ಕ್ರೋಡೀಕೃತ ಲೆಕ್ಕ: ಅದರ ಹಿಂದಿನ ನೀತಿಗಳು, ಅದನ್ನು ಓದುವ ಬಗೆ



ಬತ್ತಲಗುಂಡು, ಚಿನ್ನಾಳಪಟ್ಟಿ, ಬೋಡಿನಾಯಕನೂರು, ಕಂಬಂ ಕಡೆಯ ನಮ್ಮ ಮನೆಗಳಲ್ಲಿ ಈಗ ಚಿನ್ನ, ಚೀಟಿ, ಜಮೀನಿನ ಜೊತೆಗೆ ಷೇರಿನ ಮಾತೂ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ಮೊಬೈಲಿಗೆ ‘ಇಂಥ ಕಂಪನಿಯ ಲಾಭ ಇಮ್ಮಡಿ’ ಎಂಬ ಸುದ್ದಿ ಬರುತ್ತದೆ. ಅದನ್ನು ನೋಡಿ ಕೊಳ್ಳುವವರೂ ಇದ್ದಾರೆ, ಮಾರುವವರೂ ಇದ್ದಾರೆ. ಆ ಸುದ್ದಿಯ ಮೂಲ ಕಾಗದದ ಹೆಸರು ಮಧ್ಯಂತರ ಕ್ರೋಡೀಕೃತ ಹಣಕಾಸು ವಿವರಣೆ. ಅದರಲ್ಲಿರುವ ‘ಲೆಕ್ಕಪತ್ರ ನೀತಿಗಳು’ ಎಂಬ ಟಿಪ್ಪಣಿಯನ್ನು ಓದುವವರು ಬಹಳ ಕಡಿಮೆ. ಅದಕ್ಕಾಗಿ ಈ ಬಾರಿ ಈ ಮಾಹಿತಿ ಲೇಖನ ಕೊಡುತ್ತಿದ್ದೇವೆ. ಯಾವ ಷೇರು ಕೊಳ್ಳಬೇಕು, ಯಾವುದು ಬೇಡ ಎಂಬ ಸಲಹೆ ಇದಲ್ಲ.

ಮೊದಲು ಪದಗಳು. ಪೂರ್ತಿ ವರ್ಷಕ್ಕಿಂತ ಚಿಕ್ಕ ಅವಧಿಯ ಲೆಕ್ಕ ಮಧ್ಯಂತರ ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಮೂರು ತಿಂಗಳದ್ದು. ಮಾತೃ ಕಂಪನಿ ಮತ್ತು ಅದರ ಹಿಡಿತದಲ್ಲಿರುವ ಅಂಗಸಂಸ್ಥೆಗಳನ್ನೆಲ್ಲ ಒಂದೇ ಮನೆಯೆಂದು ಭಾವಿಸಿ ಬರೆದದ್ದು ಕ್ರೋಡೀಕೃತ. ಆದಾಯವನ್ನು ಯಾವ ಹೊತ್ತಿಗೆ ಎಣಿಸಬೇಕು, ದಾಸ್ತಾನಿಗೆ ಯಾವ ಬೆಲೆ ಕಟ್ಟಬೇಕು, ಯಂತ್ರದ ಸವಕಳಿಯನ್ನು ಹೇಗೆ ಕಳೆಯಬೇಕು ಎಂಬಂಥ ನಿಯಮಗಳು ಲೆಕ್ಕಪತ್ರ ನೀತಿ. ಕೂಡುಕುಟುಂಬದ ಲೆಕ್ಕ ಬಲ್ಲವರಿಗೆ ಇದು ಕಷ್ಟವಲ್ಲ. ಅಣ್ಣನಿಗೆ ಮಗ್ಗ, ತಮ್ಮನಿಗೆ ಸೀರೆ ಅಂಗಡಿ ಎಂದುಕೊಳ್ಳಿ. ಅಣ್ಣ ತಮ್ಮನಿಗೆ ಸೀರೆ ಕೊಟ್ಟರೆ ಅದು ಮನೆಗೆ ಬಂದ ಆದಾಯವಲ್ಲ. ಹೊರಗಿನವರು ಆ ಸೀರೆ ಕೊಂಡಾಗಲೇ ಆದಾಯ.

ನಮ್ಮ ದೇಶದಲ್ಲಿ ಮಧ್ಯಂತರ ಲೆಕ್ಕಕ್ಕೆ ಇಂಡ್ ಎಎಸ್ 34, ಕ್ರೋಡೀಕರಣಕ್ಕೆ ಇಂಡ್ ಎಎಸ್ 110 ಎಂಬ ಮಾನದಂಡಗಳಿವೆ. 2015ರ ಫೆಬ್ರವರಿಯಲ್ಲಿ ಅಧಿಸೂಚನೆಯಾಗಿ, ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ, ಪಟ್ಟಿಯಾದ ಉಳಿದ ಹೆಚ್ಚಿನ ಕಂಪನಿಗಳಿಗೆ 2017ರ ಏಪ್ರಿಲ್‌ನಿಂದ ಇವು ಕಡ್ಡಾಯವಾದವು. ಷೇರುಪೇಟೆಯ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶ ಕೊಡಬೇಕು, ವರ್ಷದ ಲೆಕ್ಕಕ್ಕೆ 60 ದಿನ ಎಂಬುದು ಸೆಬಿ ನಿಯಮ. ಅಂಗಸಂಸ್ಥೆ ಇರುವ ಕಂಪನಿ ಪ್ರತಿ ತ್ರೈಮಾಸಿಕಕ್ಕೂ ಕ್ರೋಡೀಕೃತ ಲೆಕ್ಕ ಕೊಡಲೇಬೇಕೆಂದು ಆದದ್ದು 2019ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ವರ್ಷಕ್ಕೊಮ್ಮೆ ಕೊಟ್ಟರೆ ಸಾಕಿತ್ತು.

ಇನ್ನು ಆ ಟಿಪ್ಪಣಿ. ತೆರೆದು ನೋಡಿದರೆ ನಿರಾಸೆಯಾಗುತ್ತದೆ. ‘ಹಿಂದಿನ ವಾರ್ಷಿಕ ಲೆಕ್ಕದಲ್ಲಿ ಅನುಸರಿಸಿದ ನೀತಿಗಳನ್ನೇ ಇಲ್ಲಿಯೂ ಅನುಸರಿಸಲಾಗಿದೆ’ ಎಂಬರ್ಥದ ಒಂದು ವಾಕ್ಯ ಇರುತ್ತದೆ, ಅಷ್ಟೇ. ಕಂಪನಿ ಏನನ್ನೋ ಮುಚ್ಚಿಡುತ್ತಿದೆ ಎಂದು ತಿಳಿಯಬೇಕಿಲ್ಲ, ಮಾನದಂಡವೇ ಅಷ್ಟು ಸಾಕೆನ್ನುತ್ತದೆ. ಆದರೆ ಓದುವವರಿಗೆ ಅದರ ಅರ್ಥ ಬೇರೆ: ಮೂರು ತಿಂಗಳ ಕಾಗದ ತನ್ನಷ್ಟಕ್ಕೆ ತಾನೇ ಪೂರ್ಣವಲ್ಲ, ಕಳೆದ ವಾರ್ಷಿಕ ವರದಿ ಪಕ್ಕದಲ್ಲಿಲ್ಲದೆ ಅದನ್ನು ಓದಲಾಗದು. ಆ ವಾಕ್ಯದ ನಂತರ ‘ಆದರೆ’, ‘ಹೊರತು’ ಎಂಬ ಪದ ಬಂದರೆ ಅಲ್ಲಿ ನಿಲ್ಲಬೇಕು. ವರ್ಷದ ನಡುವೆ ನೀತಿ ಬದಲಾದರೆ ಹಿಂದಿನ ತ್ರೈಮಾಸಿಕಗಳನ್ನೂ ಹೊಸ ನೀತಿಯಂತೆ ತಿದ್ದಿ ತೋರಿಸಬೇಕು. ಒಂದೇ ವರ್ಷದೊಳಗೆ ಎರಡು ನೀತಿ ನಡೆಯುವುದಿಲ್ಲ. ಅಂದಾಜಿನ ಕಥೆ ಬೇರೆ. ಯಂತ್ರ 10 ವರ್ಷ ಬಾಳುತ್ತದೆ ಎಂದಿದ್ದವರು 15 ವರ್ಷ ಎಂದರೆ ಅದು ನೀತಿಯ ಬದಲಾವಣೆ ಅಲ್ಲ, ಅಂದಾಜಿನ ಬದಲಾವಣೆ. ಹಳೆಯ ಲೆಕ್ಕ ತಿದ್ದಬೇಕಿಲ್ಲ, ಇನ್ನು ಮುಂದೆ ಸವಕಳಿ ಕಡಿಮೆಯಾಗಿ ಲಾಭ ಹೆಚ್ಚಾಗುತ್ತದೆ. ಒಂದು ಮೂಟೆ ಸರಕು ಹೆಚ್ಚು ಮಾರದೆಯೂ ಲಾಭ ಏರಿದ್ದು ಇದರಿಂದ ಇರಬಹುದು.

ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುವುದು ಹಂಗಾಮಿನ ವಿಷಯ. ಬೋಡಿಯಲ್ಲಿ ಏಲಕ್ಕಿ ಹರಾಜು ನೋಡಿದವರಿಗೆ ಗೊತ್ತು: ಕೊಯ್ಲು ಸುಮಾರು ಆಗಸ್ಟ್‌ನಿಂದ ಶುರುವಾಗಿ ಫೆಬ್ರವರಿ ಹೊತ್ತಿಗೆ ಇಳಿಮುಖವಾಗುತ್ತದೆ. ಏಲಕ್ಕಿ ವ್ಯಾಪಾರಿಗಳ ವರ್ಷ ಆಗಸ್ಟ್‌ನಿಂದ ಜುಲೈ, ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಏಲಕ್ಕಿ ತೋಟದ ಕಂಪನಿಯೊಂದಕ್ಕೆ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಗೊಬ್ಬರ, ಕೂಲಿ, ಔಷಧಿ ಎಲ್ಲ ಇರುತ್ತದೆ, ಮಾರಾಟ ಕಡಿಮೆ. ‘ಹೇಗೂ ಅಕ್ಟೋಬರಿನಲ್ಲಿ ಹಣ ಬರುತ್ತದೆ, ಸ್ವಲ್ಪ ಈಗಲೇ ತೋರಿಸೋಣ’ ಎನ್ನುವಂತಿಲ್ಲ. ಹಂಗಾಮಿನ ಆದಾಯವನ್ನು ಮುಂಚಿತವಾಗಿ ಎಣಿಸಬಾರದು, ವರ್ಷದ ಕೊನೆಯಲ್ಲಿ ಮಾಡಬಾರದ್ದನ್ನು ನಡುವೆಯೂ ಮಾಡಬಾರದು ಎಂದು ಇಂಡ್ ಎಎಸ್ 34 ಹೇಳುತ್ತದೆ. ಖರ್ಚಿಗೂ ಅದೇ ಮಾತು. ಜನವರಿಯಲ್ಲಿ ಒಣಗಿಸುವ ಗೂಡು ದುರಸ್ತಿ ಮಾಡಿಸುವ ಯೋಚನೆ ಇದೆಯೆಂದು ಅದರ ಕಾಲು ಭಾಗವನ್ನು ಜೂನ್‌ನಲ್ಲಿ ಖರ್ಚು ಬರೆಯುವಂತಿಲ್ಲ.

ಆದ್ದರಿಂದ ಜೂನ್ ತ್ರೈಮಾಸಿಕವನ್ನು ಡಿಸೆಂಬರ್ ತ್ರೈಮಾಸಿಕದ ಜೊತೆ ಹೋಲಿಸುವುದು ಒಣ ನೆಲವನ್ನೂ ನಾಟಿ ಗದ್ದೆಯನ್ನೂ ಹೋಲಿಸಿದ ಹಾಗೆ. ಕಳೆದ ವರ್ಷದ ಜೂನ್ ಜೊತೆ ಹೋಲಿಸಬೇಕು. ಫಲಿತಾಂಶದ ಹಾಳೆಯಲ್ಲಿ ಆ ಅಂಕಣ ಇದ್ದೇ ಇರುತ್ತದೆ. ಹಂಗಾಮು ಬಲವಾಗಿರುವ ವ್ಯವಹಾರವಾದರೆ ಕಳೆದ ನಾಲ್ಕು ತ್ರೈಮಾಸಿಕಗಳನ್ನು ಕೂಡಿಸಿ ನೋಡುವುದು ಇನ್ನೂ ಒಳ್ಳೆಯದು. ಹನ್ನೆರಡು ತಿಂಗಳ ಅಂಕಿಯನ್ನು ಕೊಡಿರೆಂದು ಮಾನದಂಡ ಪ್ರೋತ್ಸಾಹಿಸುತ್ತದೆ, ಒತ್ತಾಯಿಸುವುದಿಲ್ಲ. ಒತ್ತಾಯಿಸಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ತೋಟಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏಲಕ್ಕಿ, ಕಾಫಿ ಗಿಡಗಳನ್ನು ಲೆಕ್ಕದಲ್ಲಿ ಯಂತ್ರದಂತೆ ಕಾಣುತ್ತಾರೆ, ವರ್ಷವರ್ಷ ಸವಕಳಿ ಕಳೆಯುತ್ತಾರೆ. ಗಿಡದ ಮೇಲಿರುವ ಬೆಳೆಗೆ ಮಾತ್ರ ಇಂಡ್ ಎಎಸ್ 41ರಂತೆ ಅಂದಿನ ಮಾರುಕಟ್ಟೆ ಬೆಲೆಯಿಂದ ಮಾರಾಟದ ಖರ್ಚು ಕಳೆದು ಮೌಲ್ಯ ಕಟ್ಟಬೇಕು, ಏರಿಳಿತ ನೇರ ಲಾಭ-ನಷ್ಟಕ್ಕೆ ಹೋಗುತ್ತದೆ. ಡಿಸೆಂಬರ್ 31 ಎಂದರೆ ಕೊಡಗು, ಚಿಕ್ಕಮಗಳೂರಿನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುವ, ರೊಬಸ್ಟಾ ಬಹುಪಾಲು ಗಿಡದಲ್ಲೇ ಇರುವ ದಿನ. ಅಂದಿನ ಲಾಭದೊಳಗೆ ಇನ್ನೂ ಬುಟ್ಟಿಗೆ ಬೀಳದ ಹಣ್ಣಿನ ಬೆಲೆಯೂ ಸೇರಿರಬಹುದು.

ತೆರಿಗೆಯ ಲೆಕ್ಕವೂ ವಿಚಿತ್ರ. ಮೂರು ತಿಂಗಳಿಗೆಂದು ಪ್ರತ್ಯೇಕ ತೆರಿಗೆ ಇಲ್ಲ. ಇಡೀ ವರ್ಷಕ್ಕೆ ಸರಾಸರಿ ಎಷ್ಟು ಶೇಕಡಾ ಬಂದೀತು ಎಂದು ಅಂದಾಜಿಸಿ, ಆ ದರವನ್ನು ತ್ರೈಮಾಸಿಕದ ಲಾಭಕ್ಕೆ ಹಚ್ಚುತ್ತಾರೆ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆಯನ್ನು ಶೇ 22ಕ್ಕೆ, ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಸುಮಾರು ಶೇ 25.17ಕ್ಕೆ ಇಳಿಸಿತು. ತ್ರೈಮಾಸಿಕ ಮುಗಿಯಲು ಉಳಿದಿದ್ದದ್ದು ಹತ್ತೇ ದಿನ. ಏಪ್ರಿಲ್‌ನಿಂದ ಹೆಚ್ಚು ದರದಲ್ಲಿ ಬರೆದಿದ್ದ ತೆರಿಗೆಯ ವ್ಯತ್ಯಾಸ ಸೆಪ್ಟೆಂಬರ್ ಲೆಕ್ಕದಲ್ಲಿ ಒಟ್ಟಿಗೆ ಬಂದದ್ದರಿಂದ ಹೊಸ ದರ ಆರಿಸಿಕೊಂಡ ಹಲವು ಕಂಪನಿಗಳ ಲಾಭ ಉಬ್ಬಿ ಕಂಡಿತು. ಅದಕ್ಕೇ ‘ತೆರಿಗೆಗೆ ಮುನ್ನ’ ಎಂಬ ಸಾಲನ್ನು ಮೊದಲು ನೋಡಿ.

ಈಗ ಕ್ರೋಡೀಕರಣ. ಒಂದು ಕಲ್ಪಿತ ಉದಾಹರಣೆ: ತೋಟದ ಕಂಪನಿಯೊಂದು 70 ಲಕ್ಷ ರೂಪಾಯಿ ಖರ್ಚಿನ ಏಲಕ್ಕಿಯನ್ನು ತನ್ನದೇ ರಫ್ತು ಅಂಗಸಂಸ್ಥೆಗೆ 100 ಲಕ್ಷಕ್ಕೆ ಮಾರಿತು. ಸೆಪ್ಟೆಂಬರ್ 30ಕ್ಕೆ ಅಂಗಸಂಸ್ಥೆ ಅದರಲ್ಲಿ ಅರ್ಧವನ್ನಷ್ಟೇ ಹೊರಗೆ ಮಾರಿದೆ. ತೋಟದ ಕಂಪನಿಯ ಸ್ವಂತ ಲೆಕ್ಕದಲ್ಲಿ 30 ಲಕ್ಷ ಲಾಭ ಕಾಣುತ್ತದೆ. ಕ್ರೋಡೀಕೃತ ಲೆಕ್ಕದಲ್ಲಿ ಆ ಒಳಮಾರಾಟ ಪೂರ್ತಿ ಅಳಿಸಿಹೋಗುತ್ತದೆ, ಗೋದಾಮಿನಲ್ಲಿ ಕುಳಿತ ಅರ್ಧದ 15 ಲಕ್ಷ ಲಾಭವೂ ಹೊರಟುಹೋಗುತ್ತದೆ. ಎರಡು ಹಾಳೆಗಳಲ್ಲಿ ಎರಡು ಲಾಭ ಕಾಣುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನೊಂದು ಕಾರಣಕ್ಕೆ ನಿಜವಾದ ಉದಾಹರಣೆಯೇ ಇದೆ. ಕೊಡಗಿನ ಪೊಲ್ಲಿಬೆಟ್ಟದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಎಯ್ಟ್ ಓ ಕ್ಲಾಕ್ ಕಾಫಿ ಕಂಪನಿಯನ್ನು ಕೊಂಡಿತು. ಆಮೇಲೆ ಅದರ ಸ್ವಂತ ಲೆಕ್ಕದಲ್ಲಿ ತೋಟ ಮತ್ತು ಇನ್‌ಸ್ಟಂಟ್ ಕಾಫಿ, ಕ್ರೋಡೀಕೃತ ಲೆಕ್ಕದಲ್ಲಿ ಅಮೆರಿಕದ ಅಂಗಡಿಗಳ ಮಾರಾಟವೂ ಸೇರಿತು. ಅಲ್ಲಿನ ವ್ಯವಹಾರದಲ್ಲಿ ಟಾಟಾ ಕಾಫಿಗಿದ್ದ ಪಾಲು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹಿಡಿತ ಇದ್ದದ್ದರಿಂದ ಮಾರಾಟ ಪೂರ್ತಿ ಸೇರುತ್ತಿತ್ತು, ಲಾಭದಲ್ಲಿ ಮಾತ್ರ ಉಳಿದವರ ಪಾಲನ್ನು ಕೆಳಗೆ ಬೇರೆ ಸಾಲಿನಲ್ಲಿ ತೋರಿಸಬೇಕಿತ್ತು. ಷೇರುದಾರರು ನೋಡಬೇಕಾದದ್ದು ‘ಮಾತೃ ಕಂಪನಿಯ ಒಡೆಯರಿಗೆ ಸೇರಿದ ಲಾಭ’ ಎಂಬ ಸಾಲನ್ನು. ಡಾಲರ್ ಲೆಕ್ಕ ರೂಪಾಯಿಗೆ ಬರುವಾಗ ಆದಾಯಕ್ಕೆ ಅವಧಿಯ ಸರಾಸರಿ ದರ, ಆಸ್ತಿ-ಸಾಲಕ್ಕೆ ಕೊನೆಯ ದಿನದ ದರ. (2024ರ ಜನವರಿ 1ರಿಂದ ಟಾಟಾ ಕಾಫಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಸಮೂಹದೊಳಗೆ ವಿಲೀನವಾಗಿದೆ.)

ಕ್ರೋಡೀಕರಣದ ಬೇಲಿಯ ಹೊರಗೆ ಏನಿದೆ ಎಂಬುದು ಒಳಗಿರುವುದರಷ್ಟೇ ಮುಖ್ಯ. ಇದನ್ನು ಕರ್ನಾಟಕದವರಿಗೆ ನೋವಿನಿಂದ ಕಲಿಸಿದ್ದು ಕಾಫಿ ಡೇ ಪ್ರಕರಣ. 2019ರ ಜುಲೈ ಕೊನೆಯಲ್ಲಿ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ನಿಧನದ ನಂತರ ಕಂಪನಿಯ ಮಂಡಳಿ ತನಿಖೆಗೆ ನೇಮಿಸಿತು. 2020ರ ಜುಲೈನಲ್ಲಿ ಹೊರಬಂದ ವಿವರದಂತೆ, ಸ್ಥಾಪಕರ ಕುಟುಂಬದ ಒಡೆತನದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಸಂಸ್ಥೆಯಿಂದ ಕಾಫಿ ಡೇ ಎಂಟರ್‌ಪ್ರೈಸಸ್‌ನ ಅಂಗಸಂಸ್ಥೆಗಳಿಗೆ 2019ರ ಜುಲೈ 31ಕ್ಕೆ ಬರಬೇಕಿದ್ದ ಹಣ 3,535 ಕೋಟಿ ರೂಪಾಯಿ. ಅದೇ ವರ್ಷದ ಮಾರ್ಚ್ 31ರ ಪರಿಶೋಧಿತ ಕ್ರೋಡೀಕೃತ ಲೆಕ್ಕದಲ್ಲಿ ಇದ್ದದ್ದು 842 ಕೋಟಿ. ವ್ಯತ್ಯಾಸ 2,693 ಕೋಟಿ, ಎರಡು ದಿನಾಂಕಗಳ ನಡುವಿನ ಅಂತರ ನಾಲ್ಕು ತಿಂಗಳು. 2023ರ ಜನವರಿಯಲ್ಲಿ ಸೆಬಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ವಿಧಿಸಿತು.

ಲೆಕ್ಕದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ್ದು ಎರಡು. ಹಣ ಪಡೆದ ಸಂಸ್ಥೆ ಪಟ್ಟಿಯಾದ ಕಂಪನಿಯ ಹಿಡಿತದಲ್ಲಿರಲಿಲ್ಲ, ಹಾಗಾಗಿ ಕ್ರೋಡೀಕರಣದೊಳಗೆ ಬರಲಿಲ್ಲ. ಲೆಕ್ಕದಲ್ಲಿ ಅದು ‘ಸಂಬಂಧಿತರಿಂದ ಬರಬೇಕಾದದ್ದು’ ಎಂಬ ಒಂದು ಸಾಲು ಮಾತ್ರ. ಎರಡನೆಯದು, ತ್ರೈಮಾಸಿಕ ಹಾಳೆಯ ಮಿತಿ. ಆಸ್ತಿ-ಸಾಲದ ಪಟ್ಟಿ ಮತ್ತು ನಗದು ಹರಿವಿನ ಪಟ್ಟಿ ಕಡ್ಡಾಯವಾಗಿ ಬರುವುದು ಆರು ತಿಂಗಳಿಗೊಮ್ಮೆ, ಸೆಪ್ಟೆಂಬರ್ ಮತ್ತು ಮಾರ್ಚ್ ಲೆಕ್ಕದಲ್ಲಿ. ಜೂನ್ ಹಾಗೂ ಡಿಸೆಂಬರ್ ಹಾಳೆಯಲ್ಲಿ ಲಾಭ-ನಷ್ಟ ಇರುತ್ತದೆ, ಯಾರಿಂದ ಎಷ್ಟು ಬರಬೇಕು ಎಂಬುದು ಇರಬೇಕೆಂದಿಲ್ಲ. ಬತ್ತಲಗುಂಡಿನಲ್ಲಿ ಕುಳಿತ ಸಣ್ಣ ಷೇರುದಾರರು ಎಷ್ಟೇ ಜಾಗರೂಕರಾಗಿ ಜೂನ್ ಹಾಳೆ ಓದಿದರೂ ಅಂಥದ್ದು ಕಣ್ಣಿಗೆ ಬೀಳುವ ಖಾತ್ರಿ ಇಲ್ಲ. ಸಂಬಂಧಿತರ ಜೊತೆಗಿನ ವ್ಯವಹಾರದ ವಿವರವನ್ನು ಅರ್ಧವರ್ಷಕ್ಕೊಮ್ಮೆ ಕೊಡುತ್ತಾರೆ. 2023ರ ಏಪ್ರಿಲ್‌ನಿಂದ ಫಲಿತಾಂಶದ ದಿನವೇ ಕೊಡಬೇಕು. ಲಾಭದ ಸಾಲಿಗಿಂತ ಮೊದಲು ಅದನ್ನು ತೆರೆಯಿರಿ ಎನ್ನುತ್ತೇವೆ ನಾವು.

ಲೆಕ್ಕ ಪರಿಶೋಧಕರ ಸಹಿ ಇದೆಯಲ್ಲ ಎಂದು ಕೇಳಬಹುದು. ತ್ರೈಮಾಸಿಕಕ್ಕೆ ಸಾಮಾನ್ಯವಾಗಿ ನಡೆಯುವುದು ‘ಲಿಮಿಟೆಡ್ ರಿವ್ಯೂ’. ಅಂದರೆ ಮುಖ್ಯವಾಗಿ ವಿಚಾರಣೆ ಮತ್ತು ಅಂಕಿಗಳ ವಿಶ್ಲೇಷಣೆ. ಬ್ಯಾಂಕಿನಿಂದ ಪತ್ರ ತರಿಸಿ ಬಾಕಿ ಖಚಿತಪಡಿಸುವಂಥ ಪೂರ್ಣ ಪರಿಶೋಧನೆ ಅಲ್ಲ. ಅದೂ ಕ್ರೋಡೀಕೃತ ಆದಾಯ, ಆಸ್ತಿ, ಲಾಭ ಪ್ರತಿಯೊಂದರಲ್ಲೂ ಕನಿಷ್ಠ ಶೇ 80ರಷ್ಟಕ್ಕೆ ಆದರೆ ಸಾಕು. ಬೆಂಗಳೂರಿನ ಇನ್ಫೋಸಿಸ್‌ನಂತೆ ತ್ರೈಮಾಸಿಕವನ್ನೂ ಪರಿಶೋಧಿಸಿ, ಟಿಪ್ಪಣಿಗಳ ಸಮೇತ ಕೊಡುವವರು ಕಡಿಮೆ. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರ ಹೇಳಿದ್ದು ಒಂದು ತ್ರೈಮಾಸಿಕದ ಬಗ್ಗೆಯೇ: 2008ರ ಸೆಪ್ಟೆಂಬರ್ ಅವಧಿಗೆ ಪ್ರಕಟಿಸಿದ ಆದಾಯ 2,700 ಕೋಟಿ, ನಿಜದಲ್ಲಿ 2,112 ಕೋಟಿ. ಕಾರ್ಯನಿರ್ವಹಣಾ ಲಾಭ ತೋರಿಸಿದ್ದು 649 ಕೋಟಿ, ನಿಜದ್ದು 61 ಕೋಟಿ.

ಕೊನೆಯದಾಗಿ ಮಾರ್ಚ್ ತ್ರೈಮಾಸಿಕ. ಆ ಅಂಕಣದ ಅಂಕಿಗಳನ್ನು ನೇರವಾಗಿ ಲೆಕ್ಕ ಹಾಕಿರುವುದಿಲ್ಲ. ಇಡೀ ವರ್ಷದ ಪರಿಶೋಧಿತ ಅಂಕಿಯಿಂದ ಒಂಬತ್ತು ತಿಂಗಳ ಅಂಕಿ ಕಳೆದು ಉಳಿದದ್ದು ಅದು. ವರ್ಷದ ಕೊನೆಯಲ್ಲಿ ಪರಿಶೋಧಕರು ಮಾಡಿಸಿದ ತಿದ್ದುಪಡಿಗಳೆಲ್ಲ ಬಂದು ಬೀಳುವುದು ಅಲ್ಲಿಗೇ.

ಈ ಕಾಗದಗಳು ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲೂ ಆಯಾ ಕಂಪನಿಯ ಹೂಡಿಕೆದಾರರ ಪುಟದಲ್ಲೂ ಉಚಿತವಾಗಿ ಸಿಗುತ್ತವೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತವೆ. ಮನೆಯ ಕಾಲೇಜು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಳೆದ ವರ್ಷದ ವಾರ್ಷಿಕ ವರದಿಯನ್ನೂ ತೆರೆದಿಟ್ಟುಕೊಂಡು, ಮೊದಲು ಟಿಪ್ಪಣಿಗಳಿಂದ ಶುರುಮಾಡಿ.