ಪ್ರಾಣಭಯದ ಬಲವಂತ (ದಂಡನ್ಯಾಯ)

ಪ್ರಾಣಭಯದ ಬಲವಂತ: ಒಡನೆಯೇ ಕೊಲ್ಲುವೆವೆಂಬ ಬೆದರಿಕೆಗೆ ಸಿಲುಕಿ ನಿಷಿದ್ಧ ಕೃತ್ಯವನ್ನೆಸಗಿದವನು, ಆ ಕೃತ್ಯವನ್ನು ಒಪ್ಪಿಕೊಂಡೂ ಅದು ಅಪರಾಧವಲ್ಲವೆಂದು ವಾದಿಸಲು ದಂಡನ್ಯಾಯವು ಕಲ್ಪಿಸಿರುವ ಅವಕಾಶ. ಭಾರತದಲ್ಲಿ ಇದಕ್ಕೆ ಆಧಾರವಾಗಿದ್ದುದು 1860ರ ದಂಡ ಸಂಹಿತೆಯ 94ನೆಯ ಕಲಮು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 32ನೆಯ ಕಲಮಾಗಿದೆ.

ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡಿನಲ್ಲಿ ಈ ವಿನಾಯಿತಿಗೆ ಎಡೆಯಿರಲಿಲ್ಲ; ಜೀವವುಳಿಸಿಕೊಳ್ಳುವ ಬಯಕೆಯಿಂದ ನಡೆದ ಕೃತ್ಯಗಳನ್ನು ದಂಡನೆಯಿಂದ ಹೊರತುಪಡಿಸಬೇಕೆ ಎಂದು ದೀರ್ಘಕಾಲ ಆಲೋಚಿಸಿ, ಕೂಡದೆಂದು ಆಯೋಗವು ನಿಶ್ಚಯಿಸಿತ್ತು. 1860ರ ಸಂಹಿತೆ ಆ ಕಾಠಿಣ್ಯವನ್ನು ಸಡಿಲಿಸಿತು. ಕಲಮಿನ ಎರಡು ವಿವರಣೆಗಳೂ ದರೋಡೆಕೋರರನ್ನು ಕುರಿತವೇ ಆಗಿರುವುದು ಅಂದಿನ ಗ್ರಾಮಜೀವನದ ಭೀತಿಯನ್ನು ಬಹುಶಃ ಸೂಚಿಸುತ್ತದೆ: ಹೊಡೆತಕ್ಕಂಜಿ, ಗುಣವನ್ನರಿತೂ ತಂಡವನ್ನು ಸೇರಿದವನಿಗೆ ರಕ್ಷಣೆಯಿಲ್ಲ, ದರೋಡೆಕೋರರು ಹಿಡಿದೊಯ್ದು, ತತ್‌ಕ್ಷಣದ ಮರಣವನ್ನು ಮುಂದೊಡ್ಡಿ ಮನೆಯೊಂದರ ಬಾಗಿಲನ್ನೊಡೆಯಿಸಿದ ಕಮ್ಮಾರನಿಗೆ ಉಂಟು.

ಬೆದರಿಕೆಯು ಕೃತ್ಯದ ಸಮಯದಲ್ಲೇ ಇರಬೇಕು, ಭಯವು ಯುಕ್ತವಾಗಿರಬೇಕು, ಆ ಸಂಕಟಕ್ಕೆ ಆಪಾದಿತನು ತಾನೇ ಸ್ವೇಚ್ಛೆಯಿಂದ ಸಿಲುಕಿರಬಾರದು. ರುಜುವಾತಿನ ಹೊಣೆ ಅವನದೇ. ಆದರೆ ಸಂಭಾವ್ಯತೆಯ ಪ್ರಾಬಲ್ಯವನ್ನು ತೋರಿಸಿದರೆ ಸಾಕು.

ಕೊಲೆಗೂ, ಮರಣದಂಡನೆಗೆ ಅರ್ಹವಾದ ರಾಜ್ಯವಿರೋಧಿ ಅಪರಾಧಗಳಿಗೂ ಈ ಪ್ರತಿವಾದ ಸಲ್ಲದು. ಈ ಎಲ್ಲೆಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳು ಬಹಳ ತೊಳಲಾಡಿವೆ: ಕೊಲೆಗೆ ನೆರವಾದವನಿಗೆ 1975ರ ಲಿಂಚ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಪ್ರತಿವಾದವನ್ನು ಅನುಗ್ರಹಿಸಿ, 1987ರ ಹೌ ಮೊಕದ್ದಮೆಯಲ್ಲಿ ಅದನ್ನು ಹಿಂತೆಗೆದು, 1992ರ ಗಾಟ್ಸ್ ಮೊಕದ್ದಮೆಯಲ್ಲಿ ಕೊಲೆಯತ್ನಕ್ಕೂ ನಿಷೇಧವನ್ನು ವಿಸ್ತರಿಸಿತು. ಭಾರತದ ಕಲಮು ಕೊಲೆಯನ್ನಷ್ಟೇ ಹೆಸರಿಸಿ ಕೊಲೆಯತ್ನವನ್ನು ಹೆಸರಿಸದಿರುವುದರಿಂದ, ಅಕ್ಷರಶಃ ನೋಡಿದರೆ, ಈ ಒಂದು ವಿಷಯದಲ್ಲಿ ಹೆಚ್ಚು ಉದಾರವೆನ್ನಬಹುದು.

ಅನ್ಯತ್ರ ಅದು ಸಂಕುಚಿತ. ಇಂಗ್ಲಿಷ್ ನ್ಯಾಯವು ತೀವ್ರ ದೈಹಿಕ ಹಾನಿಯ ಬೆದರಿಕೆಯನ್ನೂ, ಆಪ್ತರಿಗೊದಗಿದ ಬೆದರಿಕೆಯನ್ನೂ ಮನ್ನಿಸುವಾಗ, ನಮ್ಮ ಕಲಮು ಕೃತ್ಯವೆಸಗಿದವನ ಸ್ವಂತ ಮರಣದ ಭಯವನ್ನಲ್ಲದೆ ಬೇರೇನನ್ನೂ ಗಣಿಸದು. ಮಗುವಿನ ಕೊರಳಿಗೆ ಕತ್ತಿಯಿಟ್ಟಾಗ ಕಳ್ಳರಿಗೆ ಪರರ ತಿಜೋರಿಯ ಬೀಗದಕೈ ಕೊಟ್ಟ ತಾಯಿಗೆ ಅದರಲ್ಲಿ ಆಶ್ರಯವಿಲ್ಲ. ತನ್ನ ಜೀವಕ್ಕಂಜಿ ಕೊಟ್ಟಿದ್ದರೆ ಇರುತ್ತಿತ್ತು. 2023ರಲ್ಲಿ ಹೊಸ ಸಂಹಿತೆಯನ್ನು ರಚಿಸುವಾಗಲೂ ಈ ಲೋಪವನ್ನು ತಿದ್ದದೆ ಬಿಟ್ಟುದು ವಿಷಾದಕರ. ಅಂಥವಳ ಪರವಾಗಿ ಹಳೆಯ ಸಂಹಿತೆಯ 81ನೆಯ, ಹೊಸದರ 19ನೆಯ ಕಲಮಿನ ಅನಿವಾರ್ಯತೆಯ ತತ್ತ್ವವನ್ನು ಮುಂದಿಡಬಹುದಾದರೂ, ಹಾನಿಮಾಡುವ ಅಪರಾಧಿಕ ಉದ್ದೇಶವಿಲ್ಲದೆ, ಸದ್ಭಾವದಿಂದ, ಬೇರೊಂದು ಹಾನಿಯನ್ನು ತಪ್ಪಿಸಲೆಂದೇ ಆಕೆ ನಡೆದಳೆಂಬುದನ್ನು ಅಲ್ಲಿ ಪ್ರತ್ಯೇಕವಾಗಿ ಸ್ಥಾಪಿಸಬೇಕಾಗುತ್ತದೆ.