ಹಳಿಯ ಬದಿಯ ಇತಿಹಾಸ

ಮೊಮ್ಮಗನು ಮೇಜಿನ ಮೇಲೆ ಚಿಕ್ಕೋಡಿ ರೋಡ್ ನಿಲ್ದಾಣವನ್ನು ಕಟ್ಟುತ್ತಿದ್ದ. ಹಳಿಯೇನೋ ಸಿದ್ಧವಾಗಿತ್ತು. “ಅಜ್ಜಾ, ಬದಿಗೆ ಏನೇನು ಇಡಲಿ?” ಎಂದು ಕೇಳಿದ. “ಮೊದಲು ಯಾವ ವರ್ಷವೆಂದು ಹೇಳಪ್ಪಾ” ಎಂದೆ.

ಪ್ರಶ್ನೆ ಸಣ್ಣದಲ್ಲ, ಕೇಳುಗರೇ. ಈ ಮಾರ್ಗವನ್ನು ಹಾಕಿದ್ದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿತು. ಅಂದಿನ ಹಳಿಗಳ ಅಂತರ ಒಂದೇ ಮೀಟರು. ಎಂಬತ್ತೇಳರಲ್ಲೊಂದು ಪಾಲಿನ ಮಾದರಿಯಲ್ಲಿ ಅದು ಹನ್ನೊಂದೂವರೆ ಮಿಲಿಮೀಟರಾದರೆ, 1990ರ ದಶಕದಲ್ಲಿ ಬಂದ 1676 ಮಿಲಿಮೀಟರಿನ ಹಳಿ ಹತ್ತೊಂಬತ್ತನ್ನು ಮೀರುತ್ತದೆ. ಉಗಿಬಂಡಿಯನ್ನಿಟ್ಟರೆ ನೀರಿನ ಕಂಬ ಬೇಕು, ಕಲ್ಲಿದ್ದಲ ರಾಶಿ ಬೇಕು, ಕೈಮರ ಬೇಕು: ಅಡ್ಡವಿದ್ದರೆ ನಿಲ್ಲು, ಬಾಗಿದರೆ ನಡೆ. ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 1939ಕ್ಕಿಂತ ಹಿಂದಿನ ನೋಟದಲ್ಲಿ ನಿಲ್ಲಿಸುವಂತಿಲ್ಲ. ಕುಡಚಿಯ ಬಳಿ ಕೃಷ್ಣೆಗೆ ಸೇತುವೆಯನ್ನು ಮರೆಯುವಂತಿಲ್ಲ.

ಎಲ್ಲಕ್ಕೂ ಮಿಗಿಲಾದುದು ಹೆಸರು. ಆ ಹಳಿ ರಾಯಬಾಗಕ್ಕೆ ನಿಲ್ದಾಣ ಕೊಟ್ಟಿತು. ಶೇಡಬಾಳದಲ್ಲಿ ಕಾಗವಾಡಕ್ಕೆ ಸಮೀಪವಾಯಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳನ್ನು ಮುಟ್ಟಲಿಲ್ಲ. ‘ರೋಡ್’ ಎಂದರೆ ಊರಲ್ಲ, ಊರಿಗೆ ಹೋಗುವ ದಾರಿ. ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಧೂಳಿನಲ್ಲಿ ಬಂದು, ಬಂಡಿಗಾಗಿ ಕಾದವರನ್ನು ಕಾಗದಪತ್ರಗಳು ನೆನೆಯುವುದು ಅಪರೂಪ.

ಮೊಮ್ಮಗ ಒಂದಿಷ್ಟು ಯೋಚಿಸಿ, 1950 ಎಂದ. ನಿಲ್ದಾಣದ ಹಿಂದೆ ಮಣ್ಣಿನ ದಾರಿ ಎಳೆದ. ಅಲ್ಲಿ ಒಂದು ಚಕ್ಕಡಿಯನ್ನು, ಅದರ ನೆರಳಲ್ಲಿ ಗಂಟು ಹಿಡಿದು ಕುಳಿತ ಒಬ್ಬ ಮುದುಕಿಯನ್ನು ಇಟ್ಟ.