ಲೈನ್ ಎರಡಿದ್ದರೆ ಸಾಲದು: ಸರ್ವರ್‌ನ ಉತ್ತರ ಯಾವ ದಾರಿ ಹಿಡಿಯುತ್ತದೆ?

ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರ ನನ್ನ ಗೆಳೆಯನ ಸಣ್ಣ ಆಫೀಸಿದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಲೆಕ್ಕಪತ್ರ ಇಟ್ಟಿರುವ ಸರ್ವರ್ ಅಲ್ಲಿಯೇ ಒಂದು ಮೂಲೆಯಲ್ಲಿ ಓಡುತ್ತೆ. ಇಂಟರ್ನೆಟ್ ಪದೇ ಪದೇ ಕೈಕೊಡುತ್ತೆ ಅಂತ ಬೇರೆ ಕಂಪನಿಯ ಎರಡನೇ ಲೈನ್ ಹಾಕಿಸಿದ. ಮರುದಿನವೇ ಫೋನ್: “ಎರಡೂ ಲೈನ್ ಚಾಲೂ ಅದಾವಪಾ, ಹೊಸಾದರಾಗ ಮಾತ್ರ ಸೈಟ್ ತೆರೀವಲ್ದು. ನೀ ಎಂಜಿನಿಯರಿಂಗ್ ಓದೀಯಲ್ಲ, ಸ್ವಲ್ಪ ನೋಡು.”

ಹೊಸ ಲೈನ್‌ನಲ್ಲಿ ದೋಷವೇನೂ ಇರಲಿಲ್ಲ. ಸರ್ವರ್‌ಗೆ ವಾಪಸ್ ದಾರಿ ಗೊತ್ತಿರಲಿಲ್ಲ, ಅಷ್ಟೆ.

ಉತ್ತರ ಎಲ್ಲಿ ಕಳೆದುಹೋಯಿತು?

ಪ್ರತಿ ಸಾರ್ವಜನಿಕ ಲೈನ್‌ಗೂ ತನ್ನದೇ ಐಪಿ ವಿಳಾಸ, ತನ್ನದೇ ಗೇಟ್‌ವೇ ಇರುತ್ತೆ. ಆದರೆ ಸರ್ವರ್‌ನ ಮುಖ್ಯ ದಾರಿಪಟ್ಟಿಯಲ್ಲಿ, ಅಂದರೆ ರೌಟಿಂಗ್ ಟೇಬಲ್‌ನಲ್ಲಿ, ಸಾಮಾನ್ಯವಾಗಿ ಒಂದೇ ಡಿಫಾಲ್ಟ್ ಗೇಟ್‌ವೇ ಕೆಲಸ ಮಾಡುತ್ತೆ. ಲಿನಕ್ಸ್ ದಾರಿ ಆರಿಸುವಾಗ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ನೋಡುತ್ತೆ. ಕೋರಿಕೆ ಯಾವ ಲೈನ್‌ನಲ್ಲಿ ಬಂದಿತ್ತು ಅಂತ ತಾನಾಗಿ ನೋಡಲ್ಲ. ಹಾಗಾಗಿ ಹೊಸ ಲೈನ್‌ನಲ್ಲಿ ಬಂದ ಕೋರಿಕೆಗೆ ಉತ್ತರ ಹಳೇ ಲೈನ್‌ನಲ್ಲಿ ಹೊರಡುತ್ತೆ, ಅದೂ ಹೊಸ ಲೈನ್‌ನ ವಿಳಾಸ ಹೊತ್ತುಕೊಂಡು.

ಹೋಗಿ ಬರೋಕೆ ಅಂತ ಖಾಸಗಿ ಬಸ್ಸಿನ ಟಿಕೆಟ್ ತೆಗೆಸಿ, ವಾಪಸ್ ಬರುವಾಗ ಬೇರೆ ಮಾಲೀಕರ ಬಸ್ ಹತ್ತಿದ ಹಾಗೆ. ಕಂಡಕ್ಟರ್ ಇಳಿಸುತ್ತಾನೆ, ಅವನದೇನೂ ತಪ್ಪಿಲ್ಲ. ಇಲ್ಲೂ ಹಾಗೇ: ತಾನು ಕೊಡದ ವಿಳಾಸದಿಂದ ಹೊರಟ ಪ್ಯಾಕೆಟ್ಟನ್ನು ಕಂಪನಿ ತಡೆಯಬೇಕು ಅಂತ 2000ನೇ ಇಸವಿಯ ಆರ್‌ಎಫ್‌ಸಿ 2827 ದಾಖಲೆಯೇ ಶಿಫಾರಸು ಮಾಡಿದೆ. ಸುಳ್ಳು ವಿಳಾಸ ಹಾಕಿ ಮಾಡುವ ದಾಳಿ ನಿಲ್ಲಿಸೋಕೆ ಈ ನಿಯಮ.

ಸರಿಪಡಿಸೋದು ಹೇಗೆ?

ಉಪಾಯದ ಹೆಸರು ಪಾಲಿಸಿ ರೌಟಿಂಗ್. 1999ರ ಲಿನಕ್ಸ್ 2.2 ಕಾಲದಿಂದಲೂ ಇದೆ.

1. ಲೈನ್‌ಗೊಂದರಂತೆ ಎರಡು ಹೊಸ ಟೇಬಲ್ ಮಾಡಿ. ಪ್ರತಿಯೊಂದರಲ್ಲೂ ಆ ಲೈನ್‌ನ ಸ್ಥಳೀಯ ಜಾಲದ ದಾರಿ ಮತ್ತು ಅದರದೇ ಗೇಟ್‌ವೇ ಇರಲಿ. ಇದು ‘ಐಪಿ ರೌಟ್’ ಕಮಾಂಡಿನ ಕೆಲಸ.

2. ‘ಐಪಿ ರೂಲ್’ ಕಮಾಂಡಿನಿಂದ ಎರಡು ನಿಯಮ ಸೇರಿಸಿ: ಮೊದಲ ವಿಳಾಸದಿಂದ ಹೊರಟದ್ದು ಮೊದಲ ಟೇಬಲ್ ನೋಡಲಿ, ಎರಡನೇ ವಿಳಾಸದಿಂದ ಹೊರಟದ್ದು ಎರಡನೇದನ್ನ. ಮುಖ್ಯ ಟೇಬಲ್ಲಿನ ನಿಯಮದ ಕ್ರಮಸಂಖ್ಯೆ 32766. ಸಣ್ಣ ಸಂಖ್ಯೆಯ ನಿಯಮ ಮೊದಲು ಓದಲ್ಪಡುತ್ತೆ, ಹಾಗಾಗಿ ನಿಮ್ಮವು ಅದಕ್ಕಿಂತ ಕಡಿಮೆ ಇರಬೇಕು.

3. ಸರ್ವರ್ ತಾನಾಗಿ ಶುರುಮಾಡುವ ಸಂಪರ್ಕಗಳಿಗೆ ಮುಖ್ಯ ಟೇಬಲ್ಲಿನ ಡಿಫಾಲ್ಟ್ ದಾರಿ ಹಾಗೇ ಉಳಿಯಲಿ.

4. ‘ಆರ್‌ಪಿ ಫಿಲ್ಟರ್’ ಪರಿಶೀಲಿಸಿ. ಬೆಲೆ 1 ಇದ್ದರೆ ಕಟ್ಟುನಿಟ್ಟು: ವಾಪಸ್ ದಾರಿ ಬೇರೆ ಲೈನ್ ಕಡೆ ತೋರಿಸಿದರೆ ಬಂದ ಪ್ಯಾಕೆಟ್ಟನ್ನ ಒಳಗೇ ಬಿಡಲ್ಲ. 2 ಅಂದರೆ ಸಡಿಲ.

5. ‘ಟಿಸಿಪಿ ಡಂಪ್’ ಹಚ್ಚಿ, ಉತ್ತರ ಯಾವ ಕಾರ್ಡಿನಿಂದ ಹೊರಡುತ್ತಿದೆ ಅಂತ ಕಣ್ಣಾರೆ ನೋಡಿ. ಕೊನೆಗೆ ಈ ನಿಯಮಗಳನ್ನ ಕಾಯಂ ಆಗಿ ಬರೆದಿಡಿ. ಬರೀ ಕಮಾಂಡ್ ಕೊಟ್ಟು ಬಿಟ್ಟರೆ ರೀಬೂಟ್ ಆದ ಕೂಡಲೇ ಮಾಯ.

ಗೆಳೆಯನ ಸೈಟ್ ನಾಲ್ಕೇ ಸಾಲಿನಲ್ಲಿ ತೆರೀತು.

ಇದು ಏನು ಮಾಡಲ್ಲ?

ಎರಡು 100 ಎಂಬಿಪಿಎಸ್ ಲೈನ್ ಸೇರಿ ಒಂದು ಡೌನ್‌ಲೋಡಿಗೆ 200 ಆಗಲ್ಲ. ಹೊರೆ ಹಂಚಿದರೂ ಒಂದು ಸಂಪರ್ಕ ಸಾಮಾನ್ಯವಾಗಿ ಒಂದೇ ಲೈನ್ ಹಿಡಿದು ಸಾಗುತ್ತೆ.

ಲೈನ್ ಸತ್ತರೆ ಅದರ ವಿಳಾಸವೂ ಸತ್ತಂತೆ. ಹೆಸರು ಒಂದೇ ಇದ್ದು ವಿಳಾಸ ಎರಡಿರುವಂತೆ ಡಿಎನ್‌ಎಸ್‌ನಲ್ಲಿ ಬರೆಸಬೇಕು. ಕೇಬಲ್ ಜೋಡಿಸಿದ್ದು, ದೀಪ ಹಸಿರು, ಆದರೆ ಆಚೆ ಏನೂ ಇಲ್ಲ ಅನ್ನೋ ಸ್ಥಿತಿ ಸರ್ವರ್‌ಗೆ ತಾನಾಗಿ ತಿಳಿಯಲ್ಲ. ಗೇಟ್‌ವೇ ಆಚೆಗಿನ ಯಾವುದಾದರೂ ವಿಳಾಸವನ್ನ ಆಗಾಗ ಪಿಂಗ್ ಮಾಡಿ ನೋಡುವ ಸ್ಕ್ರಿಪ್ಟ್ ಬೇಕು. ಒಂದೇ ವಿಳಾಸ ಎರಡೂ ಕಂಪನಿಗಳ ಮೂಲಕ ಬದುಕಿರಬೇಕಾದರೆ ಸ್ವಂತ ವಿಳಾಸಗಳ ಬ್ಲಾಕ್, ಎಎಸ್ ಸಂಖ್ಯೆ ಮತ್ತು ಬಿಜಿಪಿ ಬೇಕು. ಭಾರತದಲ್ಲಿ ಅವನ್ನ ಕೊಡೋದು ನಿಕ್ಸಿ ಸಂಸ್ಥೆಯ ಐರಿನ್ ವಿಭಾಗ. ಸಣ್ಣ ಆಫೀಸಿಗೆ ಅದು ದುಬಾರಿ.

ಕೇಳಬೇಕಾದ ಪ್ರಶ್ನೆ

ಎರಡು ಕಂಪನಿಗಳ ಕೇಬಲ್ ಒಂದೇ ಗುಂಡಿಯಲ್ಲಿ ಮಲಗಿದ್ದರೆ ಒಂದು ಜೆಸಿಬಿ ಸಾಕು, ಎರಡೂ ಹೋಗುತ್ತವೆ. ಬಿಲ್ಲು ಎರಡು, ದಾರಿ ಒಂದೇ. ಇನ್ನು ಸರ್ಕಾರ ಇಂಟರ್ನೆಟ್ ನಿಲ್ಲಿಸಿ ಅಂತ ಆದೇಶ ಹೊರಡಿಸಿದರೆ ಅದು ಆ ಪ್ರದೇಶದ ಎಲ್ಲಾ ಕಂಪನಿಗಳಿಗೂ ಹೋಗಬಹುದು. ಅಲ್ಲಿ ಯಾವ ರೌಟಿಂಗ್ ಟೇಬಲ್ಲೂ ಕಾಪಾಡಲ್ಲ. ಅಂಥ ಆದೇಶಗಳನ್ನ ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಅಂತ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದೆ. ಇದು ತಂತ್ರಜ್ಞಾನದಿಂದಲ್ಲ, ಕಾನೂನಿನಿಂದ ಸಿಗಬೇಕಾದ ರಕ್ಷಣೆ.

ಪಹಣಿ, ಪಡಿತರ, ಪಿಂಚಣಿ ಎಲ್ಲಾ ಆನ್‌ಲೈನ್ ಆಗಿರುವಾಗ “ಸರ್ವರ್ ಡೌನ್” ಅನ್ನೋ ಎರಡು ಪದಕ್ಕೆ ತಿಕೋಟಾದಿಂದ ಬಂದವರ ಒಂದು ದಿನದ ಕೂಲಿ ಹೋಗುತ್ತೆ. ಸಾರ್ವಜನಿಕ ಕಚೇರಿಯೊಂದು “ನಮ್ಮಲ್ಲಿ ಎರಡು ಲೈನ್ ಇವೆ” ಅಂದರೆ ಅಲ್ಲಿಗೇ ಬಿಡಬೇಡಿ. ಮೂರು ಪ್ರಶ್ನೆ ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಲ್ಲೇ ಕೇಳಿ: ಕೇಬಲ್ ಬೇರೆ ಬೇರೆ ದಾರಿಯಲ್ಲಿ ಬಂದಿವೆಯೇ? ಒಂದು ಸತ್ತರೆ ಇನ್ನೊಂದಕ್ಕೆ ತಾನಾಗಿ ಬದಲಾಗುತ್ತದೆಯೇ? ಒಂದನ್ನ ಕಿತ್ತು ಕೊನೆಯದಾಗಿ ಪರೀಕ್ಷೆ ಮಾಡಿದ್ದು ಯಾವಾಗ?